65 ಡಿಗ್ರಿಯಲ್ಲಿ ಒಂದೇ ಫಿಲ್ಮ್‌ಗೆ ಎರಡು ಉತ್ತರ

ಲ್ಯಾಬಿಗೆ ಹೊಸದಾಗಿ ಸೇರಿದವರು ವನೇಡಿಯಂ ಡೈಆಕ್ಸೈಡ್ ಫಿಲ್ಮಿನ (ಗಾಜಿನಂಥದರ ಮೇಲೆ ಕೂರಿಸಿದ ತೆಳು ಪದರದ) ರೀಡಿಂಗ್ ತಂದು ತೋರಿಸಿದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇದು ಬಿಸಿ ಮಾಡುತ್ತಾ ತೆಗೆದದ್ದೋ, ತಣ್ಣಗಾಗುವಾಗ ತೆಗೆದದ್ದೋ? ಎಷ್ಟೋ ಸಲ ನೋಟ್‌ಬುಕ್‌ನಲ್ಲಿ ಬರೀ "65 ಡಿಗ್ರಿ" ಅಂತ ಇರುತ್ತದೆ. ಬೇರೆ ವಸ್ತುವಾದರೆ ಬಹುಶಃ ಅಷ್ಟು ಸಾಕಾಗುತ್ತಿತ್ತು. ಇದಕ್ಕೆ ಸಾಲದು.

ಯಾಕೆ ಅಂತ ಹೇಳುತ್ತೇನೆ. ಈ ವಸ್ತು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ತನ್ನ ಸ್ವಭಾವವನ್ನೇ ಬದಲಿಸುತ್ತದೆ. ಕೆಳಗಿದ್ದಾಗ ಅರೆವಾಹಕ, ಮೇಲೆ ಹೋದರೆ ಲೋಹ. 1959ರಲ್ಲಿ ಬೆಲ್ ಲ್ಯಾಬ್ಸ್‌ನ ಎಫ್. ಜೆ. ಮೋರಿನ್ ಇದನ್ನು ವರದಿ ಮಾಡಿದರು. ತಣ್ಣಗಿರುವಾಗ ವನೇಡಿಯಂ ಪರಮಾಣುಗಳು ಎರಡೆರಡಾಗಿ ಹತ್ತಿರ ಸರಿದು ಜೋಡಿಯಾಗಿರುತ್ತವೆ. ಬಿಸಿಯಾದಾಗ ಜೋಡಿ ಬಿಟ್ಟು ಸಮ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ. ಕರಗುವ ಮಾತೇ ಇಲ್ಲ, ಘನವಾಗಿದ್ದುಕೊಂಡೇ ಇಷ್ಟೆಲ್ಲ ಆಗುತ್ತದೆ. ಬರಿಗಣ್ಣಿಗೆ ಫಿಲ್ಮ್ ಹೆಚ್ಚು ಕಡಿಮೆ ಮೊದಲಿನ ಹಾಗೇ ಕಾಣುತ್ತದೆ, ಆದರೆ ಇನ್‌ಫ್ರಾರೆಡ್ ಬೆಳಕಿಗೆ ಮಾತ್ರ ತೆರೆದಿದ್ದ ಬಾಗಿಲು ಮುಚ್ಚಿದಂತೆ. ಸೆಖೆ ಜಾಸ್ತಿಯಾದಾಗ ತಾನೇ ಬಿಸಿಲಿನ ಶಾಖವನ್ನು ತಡೆಯುವ ಕಿಟಕಿ ಗಾಜು ಮಾಡಬಹುದು ಅಂತ ಜನ ಇಷ್ಟು ವರ್ಷ ಇದರ ಹಿಂದೆ ಬಿದ್ದಿರುವುದು ಇದಕ್ಕೇ.

ತೊಡಕಿರುವುದು ಹೋಗುವ ದಾರಿ ಮತ್ತು ಬರುವ ದಾರಿ ಒಂದೇ ಅಲ್ಲ ಅನ್ನುವುದರಲ್ಲಿ. ಬಿಸಿ ಮಾಡುವಾಗ ಫಿಲ್ಮ್ 70 ಡಿಗ್ರಿ ದಾಟಿದ ಮೇಲೆ ಲೋಹವಾಯಿತು ಅಂತಿಟ್ಟುಕೊಳ್ಳಿ. ತಣ್ಣಗೆ ಮಾಡುತ್ತಾ ಬಂದರೆ 70ಕ್ಕೆ ಮರಳುವುದಿಲ್ಲ, 60ರ ಹತ್ತಿರ ಬರುವವರೆಗೂ ಲೋಹವಾಗಿಯೇ ಉಳಿಯಬಹುದು. ಗ್ರಾಫಿನಲ್ಲಿ ಬಿಸಿ ಮಾಡುವಾಗಿನ ಗೆರೆ ಒಂದು, ತಣ್ಣಗಾಗುವಾಗಿನ ಗೆರೆ ಇನ್ನೊಂದು; ಎರಡೂ ಸೇರಿ ಆಗುವ ಕುಣಿಕೆಗೇ ಹಿಸ್ಟೆರಿಸಿಸ್ ಲೂಪ್ ಅನ್ನುವುದು. ಈ ಲೂಪಿನ ನಡುವೆ, 65 ಡಿಗ್ರಿಯಲ್ಲಿ, ಅದೇ ಫಿಲ್ಮ್ ಇನ್‌ಫ್ರಾರೆಡ್ ಅನ್ನು ಬಿಡಲೂಬಹುದು, ತಡೆಯಲೂಬಹುದು. ಎರಡೂ ಸರಿಯಾದ ರೀಡಿಂಗೇ.

ಇದರಿಂದಾಗಿ ಎರಡು ಲ್ಯಾಬುಗಳ ನಡುವೆ ವಾದ ನಡೆದದ್ದನ್ನು ನೋಡಿದ್ದೇನೆ. ಒಂದೇ ಸ್ಯಾಂಪಲ್, ಎರಡೂ ಕಡೆ ಒಳ್ಳೆಯ ಉಪಕರಣ, ಆದರೆ ಬದಲಾಗುವ ತಾಪಮಾನ ಮಾತ್ರ ಬೇರೆ ಬೇರೆ. ಸಾಗಣೆಯಲ್ಲಿ ಫಿಲ್ಮ್ ಹಾಳಾಯಿತೇ, ಗಾಳಿಯ ಆಮ್ಲಜನಕ ತಗುಲಿ ವನೇಡಿಯಂ ಪೆಂಟಾಕ್ಸೈಡ್ ಆಗಲು ಶುರುವಾಯಿತೇ ಅಂತೆಲ್ಲ ಇಮೇಲ್ ಮೇಲೆ ಇಮೇಲ್. ಕೊನೆಗೆ ಹುಡುಕಿ ನೋಡಿದರೆ ಒಬ್ಬರು ಬಿಸಿ ಏರುವಾಗಿನ ಗೆರೆಯಿಂದ ಅಂಕಿ ತೆಗೆದಿದ್ದರು, ಇನ್ನೊಬ್ಬರು ಬಿಸಿ ಇಳಿಯುವಾಗಿನ ಗೆರೆಯಿಂದ. ಇಬ್ಬರೂ ಎರಡೂ ಗೆರೆ ಕಳಿಸಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು, ಅಲ್ವಾ? ಈಗ ನಮ್ಮಲ್ಲಿ ಎರಡೂ ಗೆರೆ ಇಲ್ಲದ ಗ್ರಾಫ್ ಹೊರಗೆ ಹೋಗುವುದಿಲ್ಲ.

ಫಿಲ್ಮ್ ಬಿಟ್ಟು ನ್ಯಾನೋ ಕಣಗಳಿಗೆ ಬಂದರೆ ಲೂಪ್ ಇನ್ನೂ ಅಗಲ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಹೊಸ ಸ್ಥಿತಿ ಎಲ್ಲ ಕಡೆ ಒಟ್ಟಿಗೆ ಹುಟ್ಟುವುದಿಲ್ಲ, ಅದಕ್ಕೆ ಶುರುವಾಗಲು ಒಂದು ನೆಲೆ ಬೇಕು. ಸಾಮಾನ್ಯವಾಗಿ ಹರಳಿನೊಳಗಿನ ಯಾವುದೋ ದೋಷವೇ ಆ ನೆಲೆ. ದೊಡ್ಡ ತುಂಡಿನಲ್ಲಿ ದೋಷಗಳಿಗೆ ಬರವಿಲ್ಲ. ಕೆಲವು ಹತ್ತು ನ್ಯಾನೋಮೀಟರ್ ಅಗಲದ ಕಣದಲ್ಲಿ ತಕ್ಕ ದೋಷ ಒಂದೂ ಇಲ್ಲದೇ ಇರಬಹುದು. ಆಗ ಅದು ಬದಲಾಗಬೇಕಾದ ತಾಪಮಾನ ದಾಟಿ ಬಹಳ ಮುಂದೆ ಹೋದರೂ ಹಳೆಯ ಸ್ಥಿತಿಯಲ್ಲೇ ಇರುತ್ತದೆ. ಮೋಡದೊಳಗಿನ ಸಣ್ಣ ಹನಿಗಳು ಸೊನ್ನೆಗಿಂತ ಎಷ್ಟೋ ಕೆಳಗೂ ನೀರಾಗಿಯೇ ಇರುತ್ತವಲ್ಲ, ಅದೂ ಇದೇ ಕಥೆ. 2002ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ರೆನೆ ಲೋಪೆಜ್ ಮತ್ತು ಸಂಗಡಿಗರು ಸಿಲಿಕಾದೊಳಗೆ ಹುದುಗಿಸಿದ ಕಣಗಳಲ್ಲಿ ಗಾತ್ರ ಚಿಕ್ಕದಾದಷ್ಟೂ ಲೂಪ್ ಅಗಲವಾಗುವುದನ್ನು ತೋರಿಸಿದರು. ಹಾಗಾಗಿ ಫಿಲ್ಮಿನ ಗ್ರಾಫಿನಲ್ಲಿ ನುಣುಪಾಗಿ ಇಳಿಯುವ ಗೆರೆ ಕಂಡರೆ, ಪ್ರತಿ ಚೂರೂ ನಿಧಾನವಾಗಿ ಬದಲಾಗುತ್ತಿದೆ ಅಂತ ನಂಬಬೇಡಿ. ಒಂದೊಂದು ಚೂರೂ ತನ್ನದೇ ತಾಪಮಾನದಲ್ಲಿ ಥಟ್ಟನೆ ಬದಲಾಗುತ್ತಿರುತ್ತದೆ, ಅವೆಲ್ಲದರ ಸರಾಸರಿ ನಮಗೆ ನುಣುಪಾಗಿ ಕಾಣುತ್ತದೆ ಅಷ್ಟೇ.

ಈಗ ಕೆಲಸದ ಮಾತು. ಲೂಪಿನ ಒಳಗೆ ಒಂದು ತಾಪಮಾನದಲ್ಲಿ ನಿಂತು ಸ್ಪೆಕ್ಟ್ರಮ್ (ಯಾವ ಅಲೆಯ ಬೆಳಕು ಎಷ್ಟು ದಾಟುತ್ತದೆ ಅನ್ನುವ ಅಳತೆ) ತೆಗೆಯಬೇಕು ಅಂದರೆ ಹೀಟರ್ ಸ್ಟೇಜಿನ ಮೇಲೆ, ಅಂದರೆ ಸ್ಯಾಂಪಲ್ ಇಟ್ಟು ಬಿಸಿ ಮಾಡುವ ಪೀಠದ ಮೇಲೆ, ಕಣ್ಣಿಡಬೇಕು. 66ಕ್ಕೆ ಸೆಟ್ ಮಾಡುತ್ತೀರಿ, ಕಂಟ್ರೋಲರ್ 68ರವರೆಗೆ ಹೋಗಿ ಮತ್ತೆ 66ಕ್ಕೆ ಬಂದು ನಿಲ್ಲುತ್ತದೆ. ಪರದೆಯ ಮೇಲೆ 66 ಅಂತಲೇ ಇದೆ. ಆದರೆ ಫಿಲ್ಮ್ ಈಗ 68ನ್ನು ನೋಡಿ ಬಂದಿದೆ, ಆಗಲೇ ಲೋಹವಾದ ಚೂರುಗಳು ಎರಡು ಡಿಗ್ರಿ ಇಳಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ. ಹಾಗೆ ದಾಟಿ ಹೋದರೆ ಸುಮ್ನೆ ಅಲ್ಲಿಂದಲೇ ಹಿಂದೆ ಸರಿದು ಪ್ರಯೋಜನವಿಲ್ಲ. ಪೂರ್ತಿ ತಣ್ಣಗೆ ಮಾಡಿ, ಲೂಪಿನಿಂದ ಸಂಪೂರ್ಣ ಹೊರಗೆ ಬಂದು, ಮತ್ತೆ ಕೆಳಗಿನಿಂದ ಹತ್ತಬೇಕು. ಬೇಸರದ ಕೆಲಸ, ಸಂಜೆ ಹೊತ್ತಿಗೆ ಮನೆಗೆ ಹೋಗುವ ಅವಸರದಲ್ಲಿ ಇದನ್ನು ಬಿಟ್ಟುಬಿಡಬೇಕು ಅನ್ನಿಸುತ್ತದೆ, ಆದರೂ ಬೇರೆ ದಾರಿಯಿಲ್ಲ.

ಲೂಪ್ ಅಗಲವಾಗಿ ಕಂಡ ಕೂಡಲೇ ಅದು ವಸ್ತುವಿನ ಗುಣ ಅಂತಲೂ ಹೇಳಲಾಗದು. ತಾಪಮಾನ ಅಳೆಯುವ ಥರ್ಮೋಕಪಲ್ ಇರುವುದು ಸ್ಟೇಜಿನಲ್ಲಿ, ಫಿಲ್ಮ್ ಇರುವುದು ಗಾಜಿನ ಮೇಲ್ಮೈಯಲ್ಲಿ. ಬೇಗ ಬೇಗ ಬಿಸಿ ಮಾಡಿದರೆ ಫಿಲ್ಮ್ ಹಿಂದೆ ಬೀಳುತ್ತದೆ, ಬೇಗ ತಣ್ಣಗೆ ಮಾಡಿದರೂ ಹಿಂದೆ ಬೀಳುತ್ತದೆ, ಇಲ್ಲದ ಅಗಲ ಗ್ರಾಫಿನಲ್ಲಿ ಸೇರಿಕೊಳ್ಳುತ್ತದೆ. ವೇಗವನ್ನು ಅರ್ಧ ಮಾಡಿ ಮತ್ತೊಮ್ಮೆ ತೆಗೆಯಿರಿ. ಲೂಪ್ ಕಿರಿದಾದರೆ ನೀವು ಅಳೆಯುತ್ತಿದ್ದದ್ದು ಸ್ಟೇಜನ್ನು. ಲೇಸರಿನಿಂದ ಅಳೆಯುವವರು ಅದರ ಪವರ್ ಇಳಿಸಿಯೂ ನೋಡಬೇಕು, ಬದಲಾಗುವ ಅಂಚಿನಲ್ಲಿರುವ ಫಿಲ್ಮ್‌ಗೆ ಲೇಸರಿನ ಬಿಸಿಯೇ ಸಾಕಾಗುತ್ತದೆ. ಸ್ಟೇಜಿನ ಅಂಕಿ ನಿಜವೇ ಅಂತ ಪರೀಕ್ಷಿಸಲು ಗ್ಯಾಲಿಯಂ ಒಳ್ಳೆಯದು, 29.76 ಡಿಗ್ರಿಗೆ ಕರಗುತ್ತದೆ. ಆದರೆ ಕರಗುವುದನ್ನು ಮಾತ್ರ ನೋಡಿ. ಗಟ್ಟಿಯಾಗುವಾಗ ಅದೂ ಬಹಳ ಕೆಳಗೆ ಜಾರುತ್ತದೆ, ಅದಕ್ಕೂ ನೆಲೆ ಬೇಕಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ, ಪೂರ್ತಿ ತಣ್ಣಗೆ ಒಂದು ರೀಡಿಂಗ್, ಪೂರ್ತಿ ಬಿಸಿಯಾಗಿ ಒಂದು ರೀಡಿಂಗ್ ತೆಗೆದರೆ ಆಯಿತಲ್ಲ ಅಂತ ಕೇಳುವವರಿದ್ದಾರೆ. ನನ್ನ ಉತ್ತರ: ಸ್ವಾರಸ್ಯ ಇರುವುದೇ ನಡುವೆ. 2007ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಡಿಮಿಟ್ರಿ ಬಸೋವ್ ಅವರ ಗುಂಪು ಈ ನಡುವಿನ ಸ್ಥಿತಿಯ ಚಿತ್ರ ತೆಗೆದು, ಅರೆವಾಹಕದ ನಡುವೆ ಅಲ್ಲಲ್ಲಿ ನ್ಯಾನೋ ಗಾತ್ರದ ಲೋಹದ ಮಡುಗಳು ಹುಟ್ಟಿ ಬೆಳೆಯುವುದನ್ನು ತೋರಿಸಿತು. ಈ ಮಡುಗಳು ಇನ್‌ಫ್ರಾರೆಡ್ ಅಲೆಯ ಉದ್ದಕ್ಕಿಂತ ಬಹಳ ಚಿಕ್ಕವು, ಹಾಗಾಗಿ ಬೆಳಕಿಗೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ, ಅರೆವಾಹಕವೂ ಅಲ್ಲದ ಲೋಹವೂ ಅಲ್ಲದ ಒಂದು ಮೂರನೆಯ ವಸ್ತುವಾಗಿ ಕಾಣುತ್ತದೆ. 2012ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ಅವರ ಗುಂಪು ನೀಲಮಣಿಯ ಸಬ್‌ಸ್ಟ್ರೇಟಿನ (ಫಿಲ್ಮಿಗೆ ಆಧಾರವಾಗುವ ತಟ್ಟೆಯ) ಮೇಲೆ ಬರೀ 180 ನ್ಯಾನೋಮೀಟರ್ ದಪ್ಪದ ಫಿಲ್ಮನ್ನು ಇದೇ ನಡುವಿನ ಸ್ಥಿತಿಯಲ್ಲಿ ನಿಲ್ಲಿಸಿದಾಗ, 11.6 ಮೈಕ್ರಾನ್ (11,600 ನ್ಯಾನೋಮೀಟರ್) ಅಲೆಯ ಬೆಳಕು ಹೆಚ್ಚು ಕಡಿಮೆ ಎಲ್ಲವೂ ಅದರಲ್ಲೇ ಇಂಗಿಹೋಯಿತು. ಅಲೆಯ ಉದ್ದ ಫಿಲ್ಮಿನ ದಪ್ಪದ 60 ಪಟ್ಟಿಗಿಂತ ಜಾಸ್ತಿ! ಪೂರ್ತಿ ತಣ್ಣಗೆ ಅಥವಾ ಪೂರ್ತಿ ಬಿಸಿಯಾಗಿ ಮಾತ್ರ ಅಳೆದಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಹೀಗೆ ಬಿಸಿಯಿಂದ ಸ್ಥಿತಿ ಬದಲಿಸುವ ಕುಟುಂಬದ ಇನ್ನೊಂದು ವಸ್ತು ಜರ್ಮೇನಿಯಂ, ಆಂಟಿಮನಿ, ಟೆಲುರಿಯಂ ಸೇರಿದ್ದು, ಮತ್ತೆ ಮತ್ತೆ ಬರೆಯಬಹುದಾದ ಕೆಲವು ಬಗೆಯ ಡಿವಿಡಿಗಳಲ್ಲಿ ಇದ್ದದ್ದು ಅದೇ. ಅದು ಬಿಸಿ ತೆಗೆದ ಮೇಲೂ ಹೊಸ ಸ್ಥಿತಿಯಲ್ಲೇ ಉಳಿಯುತ್ತದೆ, ವನೇಡಿಯಂ ಡೈಆಕ್ಸೈಡ್ ಹಾಗಲ್ಲ, ಪೂರ್ತಿ ತಣ್ಣಗಾದರೆ ಎಲ್ಲ ಮರೆತು ಮೊದಲಿನಂತಾಗುತ್ತದೆ. ಹಾಗಾಗಿ ಅಲ್ಲಿನ ಅಳತೆಯ ಪದ್ಧತಿಯನ್ನು ಇಲ್ಲಿಗೆ ತರಬೇಡಿ.

ನಮ್ಮ ಮುಂದಿರುವ ಪ್ರಶ್ನೆ ಲೂಪ್ ಎಷ್ಟು ಅಗಲ ಇರಬೇಕು ಅನ್ನುವುದು. ಕಿಟಕಿಗೆ ಕಿರಿದು ಬೇಕು, 68 ಡಿಗ್ರಿಯಿಂದ ಬಹಳ ಕೆಳಗೂ ಬರಬೇಕು. ಟಂಗ್‌ಸ್ಟನ್ ಸೇರಿಸಿದರೆ ತಾಪಮಾನ ಇಳಿಯುತ್ತದೆ, ಪರಮಾಣು ಲೆಕ್ಕದಲ್ಲಿ ಶೇಕಡಾ 1ಕ್ಕೆ ಸುಮಾರು 20 ಡಿಗ್ರಿಯಷ್ಟು, ಆದರೆ ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವೂ ಮಂಕಾಗುತ್ತದೆ. ಬೆಳಕಿನಿಂದ ಮಾಹಿತಿ ಬರೆದಿಡುವ ಮೆಮೊರಿ ಮಾಡುವವರಿಗೆ ಬೇಕಾದದ್ದು ಇದರ ಉಲ್ಟಾ, ಅಗಲವಾದ ಲೂಪು, ನಡುವೆ ಹಿಡಿದಿಟ್ಟರೆ ಬರೆದದ್ದು ಹಾಗೇ ಉಳಿಯಬೇಕು. ಅವರಿಗೆ ದೋಷವಿಲ್ಲದ ಸಣ್ಣ ಕಣಗಳು ಸರಿ. ಕಿಟಕಿಯವರಿಗೆ ದೋಷ ಬೇಕು, ಅದೂ ಎಲ್ಲ ಕಣದಲ್ಲೂ ಒಂದೇ ಬಗೆಯದು, ಮತ್ತು ಅಂಥ ದೋಷವನ್ನು ಬೇಕಾದ ಹಾಗೆ ಬೆಳೆಸುವುದು ಹೇಗೆ ಅನ್ನುವುದರ ಮೇಲೆಯೇ ಈಗ ನಮ್ಮ ಸ್ಪಟರಿಂಗ್ (ಫಿಲ್ಮ್ ಕೂರಿಸುವ ಕೆಲಸ) ಮತ್ತು ಅನೀಲಿಂಗ್ (ಆಮೇಲೆ ಬಿಸಿ ಮಾಡಿ ಹದಗೊಳಿಸುವ ಕೆಲಸ) ಎಲ್ಲ ನಡೆಯುತ್ತಿದೆ.