ಮಲೆನಾಡಿನ ಮನೆ ಕಂಪ್ಯೂಟರ್‌ಗೆ ಯಾವ ಡ್ರೈವ್, ಎಂಥ ಬ್ಯಾಕಪ್

"ಡಿ ಡ್ರೈವ್‌ನಲ್ಲೂ ಒಂದು ಕಾಪಿ ಇದೆ ಬಿಡಿ." ಹಾಸನ, ಚಿಕ್ಕಮಗಳೂರಿನ ಯಾವ ಕಂಪ್ಯೂಟರ್ ಅಂಗಡಿಯಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಅದು ನಿಜಕ್ಕೂ ಬ್ಯಾಕಪ್ಪೋ ಅಲ್ಲವೋ ತಿಳಿಯಲು ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿ. ಸಿ, ಡಿ ಎರಡೂ 'ಡಿಸ್ಕ್ 0' ಎದುರಿನ ಒಂದೇ ಸಾಲಿನಲ್ಲಿದ್ದರೆ ಅವು ಒಂದೇ ಡಿಸ್ಕಿನ ಎರಡು ಭಾಗ. ಒಂದು ಸತ್ತರೆ ಇನ್ನೊಂದು ಉಳಿಯುವುದಿಲ್ಲ.

ನಮ್ಮ ಕಡೆ ಡಿಸ್ಕ್ ಸಾಯುವುದಕ್ಕೆ ಅದರ ವಯಸ್ಸೊಂದೇ ಕಾರಣವಲ್ಲ. ಏಪ್ರಿಲ್‌–ಮೇ ತಿಂಗಳ ಸಿಡಿಲು, ಮಳೆಗಾಲವಿಡೀ ಬಂದು ಹೋಗುವ ಕರೆಂಟು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟರ್ ಹಾಕಿದ ಕೂಡಲೇ ಕುಸಿಯುವ ವೋಲ್ಟೇಜು, ಗೋಡೆಗೇ ಬೂಷ್ಟು ಹಿಡಿಸುವ ಥಂಡಿ ಎಲ್ಲ ಸೇರಿಕೊಳ್ಳುತ್ತವೆ. ಹಾಗಾಗಿ ದುಡ್ಡು ಹಾಕುವುದಾದರೆ ವೇಗಕ್ಕಿಂತ ಮೊದಲು, ಗೋಡೆಯ ಪ್ಲಗ್ಗಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಒಂದು ಕಾಪಿ ಇಡುವುದಕ್ಕೆ ಹಾಕಬೇಕು.

ಒಳಗಿನ ಡ್ರೈವ್ ವಿಷಯ ಬೇಗ ಮುಗಿಯುತ್ತದೆ. ವಿಂಡೋಸ್‌ಗೆ ಎಸ್‌ಎಸ್‌ಡಿಯೇ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡ್ರೈವ್) ಬೇಕು, ಅದರಲ್ಲಿ ಚರ್ಚೆ ಇಲ್ಲ. ಮದರ್‌ಬೋರ್ಡಿನಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕಾರ್ಡ್ ಕೂರುವ ಜಾಗ) ಇದ್ದರೆ 500 ಜಿಬಿ ಅಥವಾ 1 ಟಿಬಿಯ ಎನ್‌ವಿಎಂಇ, ಅಂದರೆ ಹೆಚ್ಚು ವೇಗದ ಎಸ್‌ಎಸ್‌ಡಿ, ಹಾಕಿ. ಆ ಸ್ಲಾಟ್ ಎನ್‌ವಿಎಂಇ ಒಪ್ಪುತ್ತದೋ, ಬರೀ ಸಾಟಾ (ಹಳೆಯ, ನಿಧಾನದ ಸಂಪರ್ಕ) ಒಪ್ಪುತ್ತದೋ ಎಂದು ಮ್ಯಾನ್ಯುಯಲ್ ನೋಡಿಯೇ ಕೊಳ್ಳಿ. ಕಾರ್ಡಿನ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಅದು ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದ ತಕ್ಷಣ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಇದು ಗೊತ್ತಿಲ್ಲದೆ ಹಳೇ ಹಾರ್ಡ್ ಡಿಸ್ಕ್ ಸತ್ತೇ ಹೋಯಿತು ಅಂದುಕೊಳ್ಳುವವರಿದ್ದಾರೆ. ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಹಾಕಿದರೆ ಸಾಕು. ಹತ್ತು ವರ್ಷ ದಾಟಿದ ಬೋರ್ಡಾದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ. ಸೆಕೆಂಡಿಗೆ 550 ಎಂಬಿ ಆಸುಪಾಸಿನ ವೇಗ ಸಿಗುತ್ತದೆ. ಎನ್‌ವಿಎಂಇಯ 3500 ಎಂಬಿ ಕಾಗದದ ಮೇಲೆ ದೊಡ್ಡದು. ಲೆಕ್ಕಪತ್ರದ ಟ್ಯಾಲಿ, ಎಕ್ಸೆಲ್, ಬ್ರೌಸರ್ ಮಾತ್ರ ಬಳಸುವ ಮನೆಯಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಫೋಟೋ, ವಿಡಿಯೋ ಜಾಸ್ತಿ ಇದ್ದರೆ ಜೊತೆಗೆ 3.5 ಇಂಚಿನ ಒಂದು ಹಾರ್ಡ್ ಡಿಸ್ಕ್. ಅದು ಸಿಎಂಆರ್ ಆಗಿರಲಿ, ಅಂದರೆ ಬರೆಯುವ ಸಾಲುಗಳು (ಟ್ರ್ಯಾಕು) ಒಂದರ ಪಕ್ಕ ಒಂದು ಬಿಡಿಬಿಡಿಯಾಗಿರುವಂಥದು. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು ಒಂದರ ಮೇಲೊಂದು ಹೆಂಚಿನ ಹಾಗೆ ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಹಾಗಾಗಿ ತಿದ್ದಿ ಬರೆಯುವ ಕೆಲಸ ಹೆಚ್ಚಾದಷ್ಟೂ ಏದುಸಿರು ಬಿಡುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೆ 'ದಿಸ್ ಪಿಸಿ'ಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇನಿಷಿಯಲೈಸ್ ಮಾಡಿ, ಡಿಸ್ಕಿನ ಭಾಗಗಳ ಪಟ್ಟಿ ಇಡುವ ಎರಡು ಬಗೆಯಲ್ಲಿ ಜಿಪಿಟಿ ಆರಿಸಿ. ಎಂಬಿಆರ್ ಆರಿಸಿದರೆ 2 ಟಿಬಿ ಮೇಲಿನ ಜಾಗ ಸಿಗುವುದಿಲ್ಲ. 1 ಟಿಬಿ ಡಿಸ್ಕ್ 931 ಜಿಬಿ ತೋರಿಸಿತೆಂದು ಅಂಗಡಿಯವರ ಮೇಲೆ ಹೋಗಬೇಡಿ, ಅದು ಎಣಿಸುವ ಲೆಕ್ಕದ ವ್ಯತ್ಯಾಸ ಅಷ್ಟೇ.

ಎರಡು ಡಿಸ್ಕ್ ಹಾಕಿ ರೇಡ್ 1, ಅಂದರೆ ಎರಡರಲ್ಲೂ ಅದನ್ನೇ ಒಟ್ಟಿಗೆ ಬರೆಯುವ ವ್ಯವಸ್ಥೆ, ಮಾಡಿಸುವ ಆಸೆ ಕೆಲವರಿಗೆ. ಮನೆಗೆ ಅದು ಬೇಡ. ನೀವು ಇಲ್ಲಿ ಡಿಲೀಟ್ ಒತ್ತಿದರೆ ಅಲ್ಲೂ ಅದೇ ಕ್ಷಣದಲ್ಲಿ ಡಿಲೀಟ್. ವೈರಸ್ ಬಂದು ಫೈಲುಗಳಿಗೆ ಬೀಗ ಹಾಕಿದರೆ ಎರಡಕ್ಕೂ ಬೀಗ. ಸಿಡಿಲಿಗೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸುಟ್ಟರೆ ಅದರ ಜೊತೆ ಎರಡೂ ಡಿಸ್ಕ್ ಹೋಗಬಹುದು. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು ಅನ್ನುವ ಕಚೇರಿಗೆ ಅದು ಸರಿ.

ಅದೇ ದುಡ್ಡಿಗೆ 2 ಟಿಬಿಯ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ತನ್ನಿ. ಇವು ಬಹುತೇಕ ಎಸ್‌ಎಂಆರ್ ಆಗಿದ್ದರೂ ಬ್ಯಾಕಪ್ಪಿಗೆ ಅಡ್ಡಿಯಿಲ್ಲ. ಒಂದಕ್ಕೆ 'ಎ', ಇನ್ನೊಂದಕ್ಕೆ 'ಬಿ' ಅಂತ ಚೀಟಿ ಅಂಟಿಸಿ. ಫೈಲ್ ಸಿಸ್ಟಮ್ (ಫೈಲು ಜೋಡಿಸಿಡುವ ಬಗೆ) ಎನ್‌ಟಿಎಫ್‌ಎಸ್ ಆರಿಸಿ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ (ಬದಲಾವಣೆಗಳನ್ನು ಗುರುತಿಟ್ಟುಕೊಳ್ಳುವ ದಾಖಲೆ) ಇರುವುದಿಲ್ಲ, ಬರೆಯುವಾಗ ಕರೆಂಟ್ ಹೋದರೆ ಕೆಡುವ ಸಂಭವ ಹೆಚ್ಚು. ವಾರಕ್ಕೊಮ್ಮೆ 'ಎ' ಚುಚ್ಚಿ, ಕಾಪಿ ಆದ ಮೇಲೆ ಇಜೆಕ್ಟ್ ಕೊಟ್ಟು ಕಿತ್ತು ಬೀರುವಿನಲ್ಲಿಡಿ. 'ಬಿ' ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಸಕಲೇಶಪುರದವರಾದರೆ ಹಾಸನದಲ್ಲಿ, ಮೂಡಿಗೆರೆಯವರಾದರೆ ಚಿಕ್ಕಮಗಳೂರಿನಲ್ಲಿ. ಯುಗಾದಿ, ಗೌರಿ ಗಣೇಶ, ದೀಪಾವಳಿಗೆ ಹೋಗಿ ಬರುವಾಗ ಅದಲು ಬದಲು ಮಾಡಿಕೊಂಡರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ. ವರ್ಷಗಟ್ಟಲೆ ಬೀರುವಿನಲ್ಲಿಡಲು ಎಸ್‌ಎಸ್‌ಡಿ ಬೇಡ. ಕರೆಂಟಿಲ್ಲದೆ ಬಹುಕಾಲ ಬಿದ್ದಿದ್ದರೆ ಅದರ ಸೆಲ್ಲುಗಳಲ್ಲಿನ ಚಾರ್ಜ್ ಮೆಲ್ಲಗೆ ಸೋರುತ್ತದೆ, ಹಳೆಯ ಡ್ರೈವ್‌ನಲ್ಲಿ ಇನ್ನೂ ಬೇಗ.

ಸಾಫ್ಟ್‌ವೇರ್ ಪುಕ್ಕಟೆಯದ್ದೇ ಸಾಕು. ವಿಂಡೋಸ್‌ನ ಫೈಲ್ ಹಿಸ್ಟರಿ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತದೆ, ಆದರೆ ಡಿ ಡ್ರೈವ್‌ನ ಫೋಲ್ಡರ್ ತಾನಾಗಿ ಅದರಲ್ಲಿ ಸೇರುವುದಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಲೈಬ್ರರಿಗೆ ಸೇರಿಸಬೇಕು. ಎರಡು ಫೋಲ್ಡರ್ ಹೋಲಿಸಿ ಕಾಪಿ ಮಾಡುವ ಫ್ರೀಫೈಲ್‌ಸಿಂಕ್ ಇನ್ನೂ ಸರಳ. ಎಡಕ್ಕಿರುವಂತೆಯೇ ಬಲಕ್ಕೂ ಮಾಡುವ ಅದರ 'ಮಿರರ್' ಆಯ್ಕೆಯಲ್ಲಿ ಎಡ ಬಲ ತಿರುವುಮುರುವಾದರೆ ಖಾಲಿ ಡಿಸ್ಕನ್ನು ನೋಡಿಕೊಂಡು ನಿಮ್ಮ ಅಸಲು ಫೋಲ್ಡರನ್ನೇ ಖಾಲಿ ಮಾಡುತ್ತದೆ. ಅದಕ್ಕೇ ಮೊದಲು 'ಕಂಪೇರ್' ಒತ್ತಿ, ಎಷ್ಟು ಫೈಲ್ ಅಳಿಯಲಿದೆ ಎಂಬ ಸಂಖ್ಯೆ ನೋಡಿ ಮುಂದುವರಿಯಿರಿ. ಅಳಿಸಿದ್ದನ್ನು ಬೇರೆ ಫೋಲ್ಡರಿಗೆ ಸಾಗಿಸುವ 'ವರ್ಷನಿಂಗ್' ಹಾಕಿಯೇ ಇರಲಿ.

ಬಿಟ್ಟುಹೋಗುವ ವಸ್ತುಗಳ ಬಗ್ಗೆ ಹೇಳಲೇಬೇಕು. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿಯಲ್ಲಿ ಕಂಪನಿಯ ಲೆಕ್ಕ ತೆರೆದಿಟ್ಟು ಫೋಲ್ಡರ್ ಕಾಪಿ ಮಾಡಿದರೆ ಅರೆಬರೆ ಕಾಪಿ ಆಗಬಹುದು. ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ತೆಗೆದು ಆ ಫೈಲನ್ನು ಡಿಸ್ಕಿಗೆ ಹಾಕಿ. ಕನ್ನಡ ಟೈಪ್ ಮಾಡುವ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಕಡತಗಳಿದ್ದರೆ ಅವುಗಳ ಫಾಂಟ್ ಫೈಲುಗಳನ್ನೂ ಜೊತೆಗಿಡಿ. ಯೂನಿಕೋಡ್ ಅಲ್ಲದ ಆ ಕಡತಗಳು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿ ಕಾಣುತ್ತವೆ. ಪಹಣಿ, ಕ್ರಯಪತ್ರದ ಸ್ಕ್ಯಾನ್, ತೋಟದ ಮಳೆ ಲೆಕ್ಕದ ಎಕ್ಸೆಲ್ ಹಾಳೆ ಡೆಸ್ಕ್‌ಟಾಪ್ ಮೇಲೆಯೇ ಬಿದ್ದಿರುತ್ತವೆ, ಡೆಸ್ಕ್‌ಟಾಪ್ ಕೂಡ ಸಿ ಡ್ರೈವ್. ವಿಂಡೋಸ್ 11ರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ನಿಮಗೆ ಕೇಳದೆಯೇ ಚಾಲೂ ಆಗಿರಬಹುದು. ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಮುದ್ರಿಸಿ, ಕಂಪ್ಯೂಟರಿನಿಂದ ದೂರ ಇಡಿ.

ಕ್ಲೌಡ್? 200 ಜಿಬಿ ಫೋಟೋ, ಅಪ್‌ಲೋಡ್ ವೇಗ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಎಂದಿಟ್ಟುಕೊಂಡರೆ ಹತ್ತಿರಹತ್ತಿರ 44 ಗಂಟೆ, ಅದೂ ನೆಟ್ ಒಮ್ಮೆಯೂ ಕಡಿಯದಿದ್ದರೆ. ದಾಖಲೆಗಳ ಫೋಲ್ಡರ್ ಮಾತ್ರ ಗೂಗಲ್‌ನ ಪುಕ್ಕಟೆ 15 ಜಿಬಿಗೆ ಹಾಕಿ, ಫೋಟೋಗೆ ಡಿಸ್ಕೇ ಸರಿ. ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಕೈಗೆ ಸಿಗುವುದಿಲ್ಲ.

ಥಂಡಿಗೆ ಮದ್ದು ಅಗ್ಗ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಡಿಸ್ಕಿನ ಜೊತೆ ಕೋರಾ ಬಟ್ಟೆಯ ಗಂಟಿನಲ್ಲಿ ನೀಲಿ ಸಿಲಿಕಾ ಜೆಲ್ ಇಡಿ. ಗುಲಾಬಿಗೆ ತಿರುಗಿದರೆ ತೇವ ಹೀರಿ ತುಂಬಿದೆ ಅಂತ. ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ನೀಲಿ. ಅಕ್ಕಿ ಹಾಕಬೇಡಿ, ಪುಡಿ ಕೂರುತ್ತದೆ.

ಕರೆಂಟಿಗೆ 600 ವಿಎ ಯುಪಿಎಸ್ ಸಾಕು, ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ನಿಲ್ಲುತ್ತದೆ. ಮನೆ ಇನ್ವರ್ಟರಿಗೇ ಕೊಟ್ಟಿದ್ದರೆ ಹಿಂಬದಿಯ ಸ್ವಿಚ್ 'ಯುಪಿಎಸ್' ಮೋಡಿನಲ್ಲಿರಲಿ. ಇನ್ನೊಂದು ಮೋಡಿನಲ್ಲಿ ಬದಲಾಗುವ ಹೊತ್ತು ಜಾಸ್ತಿಯಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸೂ ಲೆಕ್ಕಕ್ಕಿಲ್ಲ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟುತ್ತಿರುವಾಗಲೇ ಪ್ಲಗ್ ಕೀಳಿ, ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರ್ ಎಳೆ ಗಾಜಿನದ್ದು, ಅದು ಕರೆಂಟ್ ತರುವುದಿಲ್ಲ. ರೂಟರಿನ ಅಡಾಪ್ಟರ್ ತರುತ್ತದೆ, ಅಲ್ಲಿಂದ ಲ್ಯಾನ್ ಮೂಲಕ ಬೋರ್ಡಿಗೆ.

ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ನೋಡಿ. ಹಾರ್ಡ್ ಡಿಸ್ಕಿನಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾಯಿಸಿದ ಜಾಗ), ಪೆಂಡಿಂಗ್ ಸೆಕ್ಟರ್ (ಓದಲು ತೊಡಕಾದ ಜಾಗ) ಎರಡೂ ಸೊನ್ನೆಯಲ್ಲಿರಬೇಕು. ಪೆಂಡಿಂಗ್ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಭರವಸೆ ಬಿಡಿ. ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆಗುವ ತಪ್ಪು) ಮಾತ್ರ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಸಾಟಾ ಕೇಬಲ್ಲಿನದು. ಮಳೆಗಾಲದಲ್ಲಿ ಕನೆಕ್ಟರಿಗೆ ಕಿಲುಬು ಹಿಡಿಯುತ್ತದೆ, ಡಿಸ್ಕ್ ಬಿಸಾಡುವ ಮೊದಲು ಕೇಬಲ್ ಬದಲಿಸಿ. ಸೆಕ್ಟರ್ ಕೆಟ್ಟ ಡಿಸ್ಕಿನ ಮೇಲೆ ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಬೇಡಿ, ಉಳಿದಿರುವ ಜೀವವನ್ನೂ ಅದು ಹಿಂಡುತ್ತದೆ. ಮೊದಲು ಮುಖ್ಯ ಫೋಲ್ಡರ್ ಕಾಪಿ, ಆಮೇಲೆ ಉಳಿದದ್ದು. ಟಕ್ ಟಕ್ ಸದ್ದು ಬರುತ್ತಿದ್ದರೆ ಕಾಪಿಗೂ ಹೋಗದೆ ತಕ್ಷಣ ಆಫ್ ಮಾಡಿ. ಅದನ್ನು ಬಿಚ್ಚಲು ಧೂಳಿಲ್ಲದ ಕೋಣೆ ಇರುವ ರಿಕವರಿ ಲ್ಯಾಬೇ ಬೇಕು, ಅದಕ್ಕೆ ಬೆಂಗಳೂರಿಗೇ ಕಳಿಸಬೇಕಾದೀತು. ಅಲ್ಲಿನ ಬಿಲ್ಲಿನ ಮುಂದೆ 'ಎ', 'ಬಿ' ಎರಡೂ ಡಿಸ್ಕಿನ ಬೆಲೆ ಏನೂ ಅಲ್ಲ.