ಬೋರ್ಡ್ ಮೇಲೆ ಉಳಿದ ಪ್ರಶ್ನೆ

ಇವತ್ತು ನಮ್ಮ ಕಂಪನಿಯ ವಿಷನ್, ಅಂದರೆ ಮುಂದೆ ಏನು ಸಾಧಿಸಬೇಕು ಅನ್ನೋ ಕನಸು, ಬರೆಯೋಕೆ ಎಲ್ಲರೂ ಕೂತಿದ್ದೆವು. ಎರಡು ಗಂಟೆ ಕಳೆದ ಮೇಲೆ ಬೋರ್ಡ್ ಮೇಲೆ ಇದ್ದದ್ದು 'ಅತ್ಯುತ್ತಮ', 'ನಂಬರ್ ಒನ್', 'ವಿಶ್ವದರ್ಜೆ'. ಯಾವ ಕಂಪನಿಯ ಹೆಸರು ಹಾಕಿದರೂ ಹೊಂದುತ್ತದೆ, ಅಲ್ವಾ? ಹೊಸದಾಗಿ ಸೇರಿದ ಹುಡುಗಿ ಮೆಲ್ಲಗೆ ಕೇಳಿದಳು, "ಸರ್, ಇದನ್ನ ಓದಿ ನಾಳೆ ನಾನು ಯಾವ ಕೆಲಸ ಮೊದಲು ಮಾಡಬೇಕು, ಯಾವುದು ಬಿಡಬೇಕು?" ಯಾರ ಹತ್ತಿರವೂ ಉತ್ತರ ಇರಲಿಲ್ಲ.

1975ರಲ್ಲಿ ಶುರುವಾದ ಮೈಕ್ರೋಸಾಫ್ಟ್ ಕಂಡಿದ್ದ ಕನಸು ನೆನಪಾಯಿತು: ಪ್ರತಿ ಮೇಜಿನ ಮೇಲೆ, ಪ್ರತಿ ಮನೆಯಲ್ಲಿ ಒಂದು ಕಂಪ್ಯೂಟರ್. ಕಣ್ಣು ಮುಚ್ಚಿದರೆ ಚಿತ್ರ ಕಾಣುತ್ತದೆ. ಲಾಭದ ಮಾತೇ ಇಲ್ಲ. ನನಗೆ ಅದೇ ಜಾಸ್ತಿ ಇಷ್ಟ.

ಡಸ್ಟರ್ ತಗೊಂಡು ಎಲ್ಲ ಒರೆಸಿದೆ. 'ನಮ್ಮಿಂದ ಯಾರ ಬದುಕಲ್ಲಿ ಏನು ಬದಲಾಗಬೇಕು?' ಅಂತ ಬರೆದೆ. ಸೋಮವಾರ ಆ ಹುಡುಗಿಯೇ ಮೊದಲು ಮಾತಾಡುತ್ತಾಳೆ.