ಕಾಲರ್ ಮಡಿಕೆಯಲ್ಲಿ ಸಿಕ್ಕ ಎಳೆ

“ಗಾಳಿಪಟದ ದಾರ ಕುತ್ತಿಗಿ ಕೊಯ್ತೈತೇನ್ರಿ ಸಾಹೇಬ್ರ?”

ಸಂಕ್ರಾಂತಿಯ ಮರುದಿನ ಪುಣೆಯ ನಮ್ಮ ಶವಾಗಾರದ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ ವಿಜಯಪುರ ಕಡೆಯ ತಂದೆಯೊಬ್ಬರು ಕೇಳಿದ ಈ ಪ್ರಶ್ನೆ ವಾರವಿಡೀ ನನ್ನ ಕಿವಿಯಲ್ಲಿದೆ. ಅವರ ಮಗ ಹಿಂದಿನ ಸಂಜೆ ಬೈಕಿನಲ್ಲಿ ಫ್ಲೈಓವರ್ ಇಳಿಯುತ್ತಿದ್ದಾಗ ಕುತ್ತಿಗೆ ಕೊಯ್ದು ಬಿದ್ದಿದ್ದ. ಕೂಲಿ ಹಣದ ಸಲುವಾಗಿ ಯಾರೊಡನೆಯೋ ಜಗಳವೂ ಆಗಿತ್ತಂತೆ. ಜೊತೆಗೆ ಬಂದಿದ್ದ ಸಂಬಂಧಿಕರು ಇದು ಚಾಕುವಿನದೇ ಕೆಲಸವೆಂದು ಗಟ್ಟಿಯಾಗಿ ಹೇಳುತ್ತಿದ್ದರು. ಪಂಚನಾಮೆ ತಂದ ಪೊಲೀಸರು ಮಾಂಜಾ, ಎಂದರೆ ಗಾಜಿನ ಪುಡಿ ಹಚ್ಚಿದ ಗಾಳಿಪಟದ ದಾರ, ಎಂದು ಆಗಲೇ ಬರೆದಿದ್ದರು. ಇಬ್ಬರ ಅವಸರವೂ ನನಗೆ ಹಿಡಿಸಲಿಲ್ಲ. ಅಲ್ಲಿ ನಿಜವನ್ನು ತಿಳಿಯಲು ಕಾದವರು ಆ ತಂದೆಯೊಬ್ಬರೇ.

ಇಂಥ ಪ್ರಕರಣದ ಶವಪರೀಕ್ಷೆಯಲ್ಲಿ ಕುತ್ತಿಗೆಯನ್ನು ಕೊನೆಗೆ ಬಿಡಿಸುತ್ತೇವೆ. ತಲೆ ಮತ್ತು ಎದೆಯನ್ನು ಮೊದಲು ತೆರೆದರೆ ರಕ್ತ ಬಸಿದುಹೋಗಿ ಅಲ್ಲಿನ ಒಂದೊಂದು ಪದರವೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಎಲ್ಲಕ್ಕಿಂತ ಮೊದಲು, ಕೊಯ್ದ ರಕ್ತನಾಳದಿಂದ ಗಾಳಿಯೇನಾದರೂ ಹೃದಯಕ್ಕೆ ಸೇರಿದೆಯೇ ಎಂದು ತಿಳಿಯಲು, ಹೃದಯದ ಹೊರಚೀಲದಲ್ಲಿ ನೀರು ತುಂಬಿ ಬಲಭಾಗವನ್ನು ಚುಚ್ಚಿ, ಗುಳ್ಳೆ ಏಳುವುದೇ ಎಂದು ನೋಡಬೇಕು. ಇಲ್ಲಿ ಗುಳ್ಳೆ ಏಳಲಿಲ್ಲ.

ಗಾಯವು ಧ್ವನಿಪೆಟ್ಟಿಗೆಯ ಕೆಳಗೆ ಅಡ್ಡಲಾಗಿ ಹಾದು, ಶ್ವಾಸನಾಳವನ್ನೂ ಬಲಗಡೆಯ ದೊಡ್ಡ ರಕ್ತನಾಳಗಳನ್ನೂ ಕತ್ತರಿಸಿತ್ತು. ಶ್ವಾಸಕೋಶದೊಳಗೆ ರಕ್ತವಿತ್ತು, ಎಂದರೆ ಕೊಯ್ದ ಮೇಲೂ ಉಸಿರಾಡಿದ್ದ. ಬೇರೊಬ್ಬರು ಚಾಕು ಹಾಕಿದಾಗ ತಡೆಯಲು ಹೋದ ಅಂಗೈ, ಮುಂಗೈಗಳ ಮೇಲೆ ಗಾಯಗಳಾಗುವುದುಂಟು. ಹಿಂದಿನಿಂದ ಹಿಡಿದು ಕೊಯ್ದರೆ ಅವು ಇಲ್ಲದೆಯೂ ಇರಬಹುದು, ಆದ್ದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಈ ಗಾಯದ ಅಂಚಿನುದ್ದಕ್ಕೂ ಚರ್ಮ ಸಣ್ಣಗೆ ತರಚಿತ್ತು. ಬಲಗೈಯ ಎರಡು ಬೆರಳುಗಳ ಒಳಮಡಿಕೆಯಲ್ಲಿ ಕೂದಲೆಳೆಯಂಥ ಗೀರುಗಳಿದ್ದವು: ಆ ಬೆರಳುಗಳು ದಾರವನ್ನು ಹಿಡಿಯಲು ಹೋಗಿದ್ದವು. ಕೊನೆಗೆ ಜಾಕೆಟ್ಟಿನ ಕಾಲರ್ ಮಡಿಕೆಯಲ್ಲಿ ಗೇಣುದ್ದದ ನೈಲಾನ್ ಎಳೆ ಸಿಕ್ಕಿತು. ಸೂಕ್ಷ್ಮದರ್ಶಕದಡಿ ಅದಕ್ಕಂಟಿದ್ದ ಗಾಜಿನ ಪುಡಿ ಮಿನುಗಿತು. ಬಟ್ಟೆಯನ್ನು ಮಡಚಿ ಪಕ್ಕಕ್ಕಿಡುವ ಮೊದಲು ನೋಡಿದ್ದೇ ಒಳ್ಳೆಯದಾಯಿತು.

ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಅದನ್ನು ಮಾರುವವರಿದ್ದಾರೆ, ಮಕ್ಕಳ ಕೈಗೆ ಕೊಡಿಸುವ ಹಿರಿಯರೂ ಇದ್ದಾರೆ. ಅವರ ಮೇಲೆ ನನಗಿರುವ ಸಿಟ್ಟನ್ನು ಬರೆಯಲು ವರದಿಯಲ್ಲಿ ಜಾಗವಿಲ್ಲ.

ಹೊರಗೆ ಬಂದು ಮರಾಠಿಯಲ್ಲಿ ಹೇಳತೊಡಗಿದಾಗ ಆ ತಂದೆ ತಡೆದರು. “ಕನ್ನಡದಾಗ ಹೇಳ್ರಿ. ಊರಿಗೆ ಹೋಗಿ ಅವರವ್ವಗ ನಾನ ಹೇಳಬೇಕು.” ಇಷ್ಟು ವರ್ಷ ಇಂಗ್ಲಿಷಿನಲ್ಲಿ ಬರೆದು ಮರಾಠಿಯಲ್ಲಿ ವಿವರಿಸಿದ ನಾನು ಕುತ್ತಿಗೆಯ ಗಾಯವೊಂದನ್ನು ನನ್ನ ಭಾಷೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಿಗಿಯಾದ ಗಾಜಿನ ದಾರಕ್ಕೆ ಓಡುವ ಬೈಕಿನ ವೇಗ ಸೇರಿದರೆ ಅದು ಅಲಗಿನಂತೆ ಕೊಯ್ಯುತ್ತದೆ ಎಂದೆ. ಬೆರಳುಗಳ ಗೀರು, ಸಿಕ್ಕ ಎಳೆ, ಎಲ್ಲವನ್ನೂ ಹೇಳಿದೆ. ಚಾಕುವಿನ ಗುರುತು ಎಲ್ಲಿಯೂ ಕಾಣಲಿಲ್ಲವೆಂದೂ ಹೇಳಿದೆ. ಅವರು ತಮ್ಮ ಬಲಗೈಯ ಬೆರಳುಗಳನ್ನು ನೋಡಿಕೊಂಡರು.

“ಕೂಗಿದ್ದನೇನ್ರಿ?” ಎಂದು ಕೇಳಿದರು.

ಶ್ವಾಸನಾಳ ಅಲ್ಲಿ ತೆರೆದುಕೊಂಡರೆ ಉಸಿರು ಧ್ವನಿಪೆಟ್ಟಿಗೆಯವರೆಗೆ ಏರುವುದಿಲ್ಲ. ಅದನ್ನು ವಿವರಿಸಲಿಲ್ಲ, ಇಲ್ಲ ಎಂದಷ್ಟೇ ಹೇಳಿದೆ.